ಟ್ರ್ಯಾಕ್ಟರ್ ಕೊಟ್ಟಿಗೆ ಕಟ್ಟುವ ಕ್ರಮ

ಯಗಟಿ ಹೋಬಳಿಯ ಊರುಗಳಲ್ಲಿ ಹಿಂದೆ ಗಾಡಿ ಬಿಡುತ್ತಿದ್ದ ಜಾಗದಲ್ಲೇ ಈಗ ಟ್ರ್ಯಾಕ್ಟರು ನಿಲ್ಲುವುದನ್ನು ಕಾಣುತ್ತೇವೆ. ಒಂದು ಪಕ್ಕ ಮನೆಯ ಜಗಲಿ, ಇನ್ನೊಂದು ಪಕ್ಕ ರಾಗಿ ಹುಲ್ಲಿನ ಬಣವೆ, ಮೇಲೆ ತೆಂಗಿನ ಮರ. ಗಾಡಿಗೆ ಈ ಜಾಗ ಸರಿಯಾಗಿಯೇ ಇತ್ತು. ಗಾಡಿಗೆ ಡೀಸೆಲ್ ಬೇಕಿರಲಿಲ್ಲ, ಅದರಲ್ಲಿ ಬ್ಯಾಟರಿಯೂ ಇರಲಿಲ್ಲ. ಜಮೀನನ್ನು ಆಧಾರವಾಗಿಟ್ಟು ಸಾಲ ಮಾಡಿ ತಂದ ಯಂತ್ರವನ್ನು ಅದೇ ಜಾಗದಲ್ಲಿ ನಿಲ್ಲಿಸಿದರೆ, ಒಂದು ಕಿಡಿಯಿಂದ ಬಣವೆ, ಟ್ರ್ಯಾಕ್ಟರು, ಮನೆ ಮೂರೂ ಹೋದಾವು. ಆದುದರಿಂದ ವಾಸದ ಮನೆಗೆ ತಾಗದಂತೆ ಪ್ರತ್ಯೇಕ ಕೊಟ್ಟಿಗೆ ಕಟ್ಟಿಕೊಳ್ಳುವುದು ಅವಶ್ಯಕ.

ಇಲ್ಲಿ ಒಂದು ಮಾತು ಹೇಳಬೇಕು. ನಾಲ್ಕೈದು ಎಕರೆ ಖುಷ್ಕಿ ಜಮೀನಿನವರಿಗೆ ಸ್ವಂತ ಟ್ರ್ಯಾಕ್ಟರು ಅನೇಕ ವೇಳೆ ಹೊರೆಯೇ ಸರಿ. ಅಂಥವರು ಬಾಡಿಗೆ ಯಂತ್ರದಿಂದ ಉಳುಮೆ ಮಾಡಿಸಿ, ಕೊಟ್ಟಿಗೆಯ ಹಣವನ್ನು ಬದುವಿಗೋ ಕೃಷಿ ಹೊಂಡಕ್ಕೋ ಹಾಕುವುದು ಮೇಲು. ಈ ಲೇಖನ ಈಗಾಗಲೇ ಯಂತ್ರ ಕೊಂಡವರಿಗಾಗಿ.

ಕೊಟ್ಟಿಗೆಯ ಜಾಗ ಮನೆಯಿಂದ ಕನಿಷ್ಠ 30 ಅಡಿ, ಬಣವೆಯಿಂದ 60 ಅಡಿ ದೂರವಿರಲಿ. ಮಳೆನೀರು ಹರಿದು ಬರುವ ತಗ್ಗು ಬೇಡ. ತೆಂಗಿನ ಬುಡದಿಂದ 20 ಅಡಿ ಬಿಡಬೇಕು. ಒಣಗಿದ ಗರಿ ಬಿದ್ದರೂ ಹೆಂಚು ಒಡೆಯುತ್ತದೆ, ಕಾಯಿ ಬಿದ್ದರಂತೂ ಕೇಳುವುದೇ ಬೇಡ. ಕೊಟ್ಟಿಗೆಯ ಮುಂದೆ 30 ಅಡಿ ಬಯಲು ಇರಬೇಕು. ಟ್ರೇಲರ್ ಸಮೇತ ಹಿಂದಕ್ಕೆ ತೆಗೆಯುವಾಗ ಚಾಲಕನಿಗೆ ಹಿಂಬದಿಯ ನೆಲ ಕಾಣುವುದಿಲ್ಲ. ಮಕ್ಕಳು ಆಡುವ ಅಂಗಳ, ಹೆಂಗಸರು ಕಾಳು ಹರಡುವ ಕಣ, ಇವೆರಡೂ ಆ ದಾರಿಯಲ್ಲಿ ಇರಕೂಡದು. ನನ್ನ ಮಟ್ಟಿಗೆ, ಪ್ರತ್ಯೇಕ ಕೊಟ್ಟಿಗೆ ಬೇಕೆನ್ನುವುದಕ್ಕೆ ಬೆಂಕಿಗಿಂತಲೂ ಇದೇ ದೊಡ್ಡ ಕಾರಣ.

ಸಾಮಾನ್ಯವಾಗಿ 35ರಿಂದ 45 ಅಶ್ವಶಕ್ತಿಯ ಟ್ರ್ಯಾಕ್ಟರು 11–12 ಅಡಿ ಉದ್ದ, 6 ಅಡಿ ಅಗಲ ಇರುತ್ತದೆ. ಪಕ್ಕದಲ್ಲಿ ಟ್ರೇಲರ್, ಹಿಂಗೋಡೆಯ ಬಳಿ ನೇಗಿಲು, ಕಲ್ಟಿವೇಟರು, ರೋಟವೇಟರು ಇಡಬೇಕಾದರೆ 24 ಅಡಿ ಅಗಲ, 20 ಅಡಿ ಆಳದ ಕೊಟ್ಟಿಗೆ ಸಾಕು. ನಮ್ಮ ಬಯಲುಸೀಮೆಯಲ್ಲಿ ಆಷಾಢದ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಬಾಯಿ ಪೂರ್ವಕ್ಕಿರಲಿ. ಹಿಂಗಾರಿನಲ್ಲಿ ಪೂರ್ವದ ಎರಚಲೂ ಉಂಟು. ಅದಕ್ಕಾಗಿ ಮುಂದೆ 3 ಅಡಿ ಸೂರು ಚಾಚಬೇಕು. ಮುಂದೆ 12 ಅಡಿ, ಹಿಂದೆ ಎಂಟೂವರೆ ಅಡಿ ಎತ್ತರವಿಟ್ಟು ಒಂದೇ ಇಳಿಜಾರು ಕೊಟ್ಟರೆ, ಗಾಳಿಗೆ ತಗ್ಗಿನ ಬೆನ್ನು ಸಿಗುತ್ತದೆ, ನೀರೂ ಹಿಂದಕ್ಕೆ ಇಳಿಯುತ್ತದೆ.

ಕಡೂರು ತಾಲ್ಲೂಕಿನಲ್ಲಿ ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಇವೆ. ಕೆಂಪು ನೆಲದಲ್ಲಿ ಎರಡೂವರೆ ಅಡಿಗೆ ಗಟ್ಟಿ ಸಿಕ್ಕರೆ ಪಾಯಕ್ಕೆ ಸಾಕು. ಎರೆಭೂಮಿ ಹಾಗಲ್ಲ, ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ಗಟ್ಟಿ ನೆಲ ಸಿಗುವವರೆಗೆ ತೋಡಿ, ಪಾಯದ ಅಡಿಯಲ್ಲೂ ಪಕ್ಕದಲ್ಲೂ ಗರಸು ಅಥವಾ ಮರಳು ತುಂಬಿ ದಮ್ಮಸ್ಸು ಮಾಡಬೇಕು. ಮೂರು ಕಡೆ ಸೈಜುಗಲ್ಲಿನ ಗೋಡೆ ಕಟ್ಟಿದರೆ ಸಾಕು.

ಇನ್ನು ಛಾವಣಿಯ ವಿಚಾರ. ಹೆಚ್ಚಿನವರು ತಪ್ಪುವುದು ಇಲ್ಲೇ; ನಾನೂ ತಪ್ಪಿದವನೇ. ನಾನು ಬೇಸಾಯಶಾಸ್ತ್ರ ಕಲಿಸುವವನು, ಇಂಜಿನಿಯರ್ ಅಲ್ಲ. ನಮ್ಮ ಮನೆಯ ಮೊದಲ ಕೊಟ್ಟಿಗೆಗೆ ತೆಂಗಿನ ತೊಲೆಯ ಮೇಲೆ ತಗಡು ಹಾಸಿ, ಮೊಳೆ ಹೊಡೆಸಿ, ಮೇಲೆ ಕಲ್ಲು ಹೇರಿಸಿದ್ದೆ. ಮರು ಆಷಾಢದಲ್ಲಿ ಒಂದು ರಾತ್ರಿ ಎರಡು ತಗಡು ಹಾರಿ ಕರು ಕಟ್ಟುವ ಗೂಟದ ಮೇಲೆ ಬಿದ್ದಿದ್ದವು. ಅಂದು ಕರುವನ್ನು ಒಳಗೆ ಕಟ್ಟಿದ್ದರಿಂದ ಉಳಿಯಿತು. ಕಲ್ಲಿನ ಭಾರಕ್ಕೆ ತಗಡು ನಿಲ್ಲುತ್ತದೆಂಬ ನಂಬಿಕೆ ಏಕೆ ಸುಳ್ಳೆಂಬುದನ್ನು ಲೆಕ್ಕ ಹಾಕಿ ನೋಡಬಹುದು.

ಗಾಳಿ ಸೆಕೆಂಡಿಗೆ 30 ಮೀಟರ್, ಅಂದರೆ ಗಂಟೆಗೆ 108 ಕಿ.ಮೀ. ವೇಗದಲ್ಲಿ ಬಡಿದರೆ ಪ್ರತಿ ಚದರ ಮೀಟರಿಗೆ ಸುಮಾರು 55 ಕಿ.ಗ್ರಾಂ. ಒತ್ತಡ ಉಂಟಾಗುತ್ತದೆ. ತೆರೆದ ಬಾಯಿಯ ಕೊಟ್ಟಿಗೆಯಲ್ಲಿ ಇದು ಒಳಗಿನಿಂದ ಛಾವಣಿಯನ್ನು ಮೇಲಕ್ಕೆತ್ತುತ್ತದೆ. ಅರ್ಧ ಮಿ.ಮೀ. ದಪ್ಪದ ತಗಡು ಚದರ ಮೀಟರಿಗೆ 5 ಕಿ.ಗ್ರಾಂ. ಕೂಡ ತೂಗುವುದು ಕಷ್ಟ. ಸೂರು ಸೇರಿ 24 ಅಡಿ ಚೌಕದ ಛಾವಣಿ ಸುಮಾರು 53 ಚದರ ಮೀಟರ್. ಎತ್ತುವ ಬಲ ಮೂರು ಟನ್ನಿಗೆ ಸಮೀಪ! ಇದಕ್ಕೆ ಎದುರು ನಿಲ್ಲಬೇಕಾದುದು ನೆಲದಲ್ಲಿ ಹೂತ ಭಾರ. ಒಂದೂವರೆ ಅಡಿ ಚೌಕ, 3 ಅಡಿ ಆಳದ ಗುಂಡಿಯಲ್ಲಿ ಕಂಬ ನಿಲ್ಲಿಸಿ ಕಾಂಕ್ರೀಟ್ ತುಂಬಿದರೆ ಒಂದೊಂದೂ ನಾನೂರು ಕಿ.ಗ್ರಾಂ. ಮೀರುತ್ತದೆ. ಇಂಥ ಆರು ಕಂಬಗಳು, ಅವುಗಳ ಸುತ್ತಲ ಮಣ್ಣಿನ ಹಿಡಿತ, ಕಬ್ಬಿಣದ ಭಾರ ಸೇರಿದರೆ ಗಾಳಿಗೆ ತಕ್ಕ ಉತ್ತರವಾಗುತ್ತದೆ. ಆದರೆ ತಗಡು ಅಡ್ಡ ಪೈಪಿಗೆ, ಪೈಪು ಕಂಬಕ್ಕೆ ಬಿಗಿಯಾಗಿ ಸೇರಿರಬೇಕು. ಮೊಳೆ ಬೇಡ. ಪೈಪನ್ನು ಬಳಸಿ ಹಿಡಿಯುವ ಜೆ-ಬೋಲ್ಟುಗಳನ್ನು ವಾಷರ್ ಸಮೇತ, ತಗಡಿನ ಉಬ್ಬಿನಲ್ಲಿ ಹಾಕಿಸಬೇಕು; ತಗ್ಗಿನಲ್ಲಿ ಹಾಕಿದರೆ ಸೋರುತ್ತದೆ. ಹಾಸುವ ಕೆಲಸ ಗಾಳಿಯ ಎದುರು ತುದಿಯಿಂದ ಆರಂಭಿಸತಕ್ಕದ್ದಲ್ಲ, ಗಾಳಿ ಹೊರಟುಹೋಗುವ ತುದಿಯಿಂದ. ಆಗ ಜೋಡಣೆಯ ಅಂಚು ಗಾಳಿಗೆ ಬಾಯಿ ತೆರೆಯುವುದಿಲ್ಲ. ಹಿಂಗೋಡೆಯ ಮೇಲ್ಭಾಗದಲ್ಲಿ ಕಿಂಡಿಗಳನ್ನು ಬಿಟ್ಟರೆ ಒಳನುಗ್ಗಿದ ಗಾಳಿಗೆ ದಾರಿಯಾಗುತ್ತದೆ. ಸೋಗೆ ಮಾತ್ರ ಡೀಸೆಲ್ ಇರುವಲ್ಲಿ ಖಂಡಿತ ಕೂಡದು.

ನೆಲವನ್ನು ಸುತ್ತಲ ಮಟ್ಟಕ್ಕಿಂತ 9 ಅಂಗುಲ ಎತ್ತರಿಸಿ, ಗರಸಿನ ಮೇಲೆ 1:2:4ರ ಕಾಂಕ್ರೀಟ್ 5 ಅಂಗುಲ ಹಾಕಿ, ಬಾಗಿಲ ಕಡೆಗೆ 4 ಅಂಗುಲ ಓರೆ ಕೊಡಬೇಕು. ಹಣ ಸಾಲದಿದ್ದರೆ ದಮ್ಮಸ್ಸು ಮಾಡಿದ ಗರಸೂ ಆದೀತು.

ಯೂರಿಯಾ, ಪೊಟ್ಯಾಷ್ ಚೀಲಗಳನ್ನು ಈ ಕೊಟ್ಟಿಗೆಯಲ್ಲಿಡುವ ರೂಢಿಯನ್ನು ಬಿಡಬೇಕು. ತೇವ ಎಳೆದ ಗೊಬ್ಬರ ಕಬ್ಬಿಣವನ್ನು ತಿನ್ನುತ್ತದೆ. ಕೊಬ್ಬರಿ, ಶೇಂಗಾ ಇಟ್ಟರೆ ಇಲಿ ಬರುತ್ತದೆ. ಬಂದ ಇಲಿ ವೈರನ್ನೂ ಬಿಡುವುದಿಲ್ಲ. ಕೀಟನಾಶಕಕ್ಕೆ ಬೀಗ ಹಾಕುವ ಬೇರೆ ಪೆಟ್ಟಿಗೆ ಬೇಕು. ಮುಂದೆ ಎಂದಾದರೂ ಷಟರ್ ಹಾಕಿಸಿದರೆ, ಅದನ್ನು ಮುಚ್ಚಿಕೊಂಡು ಒಳಗೆ ಇಂಜಿನ್ ಓಡಿಸಬೇಡಿ, ಹೊಗೆಯಲ್ಲಿನ ಇಂಗಾಲದ ಮಾನಾಕ್ಸೈಡಿಗೆ ವಾಸನೆ ಇಲ್ಲ.

1964ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ರೈತನು ತನ್ನ ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಬಹುದು. ಗ್ರಾಮಠಾಣದೊಳಗಾದರೆ ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿ.

ಪಾಯ ತೋಡುವ ಹಿಂದಿನ ದಿನ ನೆಲದ ಮೇಲೆ ಸುಣ್ಣದಿಂದ ಕೊಟ್ಟಿಗೆಯ ಗೆರೆ ಎಳೆಯಿರಿ. ಕಂಬದ ಜಾಗದಲ್ಲೆಲ್ಲ ಒಂದೊಂದು ಗೂಟ ನೆಟ್ಟು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಎರಡು ಮೂರು ಬಾರಿ ಹಿಂದಕ್ಕೆ ತೆಗೆದು ಒಳಗೆ ನಿಲ್ಲಿಸಿ ನೋಡಿ. ಯಾವ ಗೂಟ ಬಿತ್ತೋ ಅಲ್ಲಿ ಅಳತೆಯನ್ನು ತಿದ್ದಿಕೊಂಡು, ಮಾರನೆಯ ದಿನ ಗುದ್ದಲಿ ಹಾಕಿಸಿ.