ಸಾಸಿವೆ ಡಬ್ಬಿ ಮತ್ತು ಮೊಬೈಲು

ಅಕ್ಕತಂಗಿಯರೇ, ನಮ್ಮ ದುಡ್ಡು ಎಲ್ಲಿರುತ್ತದೆ? ಸೆರಗಿನ ಗಂಟಿನಲ್ಲಿ. ಎಲೆಅಡಿಕೆ ಚೀಲದಲ್ಲಿ. ಸಾಸಿವೆ ಡಬ್ಬಿಯ ತಳದಲ್ಲಿ. 2016ರ ನವೆಂಬರ್ 8ರ ರಾತ್ರಿ ಹಳೆಯ 500, 1000 ರೂಪಾಯಿ ನೋಟು ರದ್ದಾದವು. ಎಷ್ಟೋ ಹೆಂಗಸರು ಗುಟ್ಟಾಗಿ ಕೂಡಿಟ್ಟಿದ್ದನ್ನು ಮನೆಯವರ ಮುಂದೆ ತೆಗೆದಿಡಬೇಕಾಯಿತು.

ಅದೇ ವರ್ಷ ಯುಪಿಐ ಬಂದಿತ್ತು. ಬ್ಯಾಂಕಿನಲ್ಲಿರುವ ದುಡ್ಡನ್ನು ಮೊಬೈಲಿನಿಂದಲೇ ಕೊಡುವ, ಪಡೆಯುವ ಏರ್ಪಾಡು ಇದು. ಈಗ ಸೊಪ್ಪಿನ ಗಾಡಿಯಲ್ಲೂ ಕಪ್ಪುಬಿಳಿ ಚೌಕದ ಚೀಟಿ ಅಂಟಿಸಿರುತ್ತಾರೆ. ಆದರೆ ಇದನ್ನು ಬಳಸುವವರಲ್ಲಿ ಗಂಡಸರೇ ಹೆಚ್ಚು. ಯಾಕೆ? ‘ಹೆಂಗಸರಿಗೆ ತಿಳಿಯಲ್ಲ ಬಿಡಿ’ ಅಂತಾರೆ. ನಾವು ಒಪ್ಪೋದಿಲ್ಲ. ಸಂಘದ ಸಾಲ, ಬಡ್ಡಿ, ಕಂತು ಎಲ್ಲಾ ಬಾಯಲ್ಲೇ ಲೆಕ್ಕ ಹೇಳೋರು ನಾವು!

2019ರಿಂದ 2021ರವರೆಗೆ ಸರ್ಕಾರ ದೇಶದಲ್ಲೆಲ್ಲ ಕುಟುಂಬ ಆರೋಗ್ಯ ಸಮೀಕ್ಷೆ ಮಾಡಿಸಿತು. ಆಗ ನೂರು ಹೆಂಗಸರಲ್ಲಿ ಸುಮಾರು 79 ಮಂದಿಗೆ ತಾವೇ ಬಳಸುವ ಬ್ಯಾಂಕ್ ಖಾತೆ ಇತ್ತು. ತಾವೇ ಬಳಸುವ ಮೊಬೈಲು ಇದ್ದದ್ದು ಸುಮಾರು 54 ಮಂದಿಗೆ. ಉಳಿದವರು ಏನು ಮಾಡಬೇಕು?

ಆ್ಯಪ್ ಮಾಡಿದವರು ಒಬ್ಬರಿಗೆ ಒಂದು ಫೋನು ಅಂದುಕೊಂಡಿದ್ದಾರೆ. ನಮ್ಮ ಮನೆಗಳಲ್ಲಿ ಒಂದೇ ಫೋನು ನಾಲ್ಕು ಕೈ ಸುತ್ತುತ್ತದೆ. ಆ್ಯಪ್‌ಗೆ ಖಾತೆ ಸೇರಿಸುವಾಗ ಫೋನಿನ ಸಿಮ್ಮಿನಿಂದ ಒಂದು ಸಂದೇಶ ಹೋಗುತ್ತದೆ. ಆ ನಂಬರೂ ಖಾತೆಗೆ ಬರೆಸಿದ ನಂಬರೂ ಒಂದೇ ಆಗಿರಬೇಕು. ಖಾತೆ ತೆರೆದಾಗ ಗಂಡನ ನಂಬರೋ ಮಗನ ನಂಬರೋ ಬರೆಸಿದ್ದರೆ? ಖಾತೆ ನಮ್ಮದು, ಬೀಗದ ಕೈ ಅವರದು. 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಹಣ, ತಿಂಗಳಿಗೆ 2000 ರೂಪಾಯಿ, ಮನೆಯೊಡತಿಯ ಖಾತೆಗೇ ಬರುತ್ತದೆ. ಬಂತು ಅನ್ನೋ ಸುದ್ದಿ ಮಾತ್ರ ಅವರ ಫೋನಿಗೆ ಹೋಗುತ್ತದೆ.

ಇನ್ನೊಂದು ಮಾತು. ಯಾರಿಗೆ, ಯಾವತ್ತು, ಎಷ್ಟು ಕೊಟ್ಟೆವು ಅನ್ನುವುದನ್ನೆಲ್ಲ ಆ್ಯಪ್ ಬರೆದಿಡುತ್ತದೆ. ಲೆಕ್ಕಕ್ಕೆ ಅದು ಒಳ್ಳೆಯದೇ. ತವರಿಗೆ 200 ರೂಪಾಯಿ ಕಳಿಸಿದ್ದನ್ನೂ ಫೋನು ಹಿಡಿದವರು ನೋಡಬಹುದು. ಸಾಸಿವೆ ಡಬ್ಬಿ ಹಾಗೆ ಚಾಡಿ ಹೇಳುತ್ತಿರಲಿಲ್ಲ.

ಎಲ್ಲವೂ ನಮಗೆ ವಿರೋಧವೇನಲ್ಲ. ಹಲವು ಆ್ಯಪ್‌ಗಳಲ್ಲಿ ಭಾಷೆ ಬದಲಿಸಿ ಕನ್ನಡ ಮಾಡಿಕೊಳ್ಳಬಹುದು. ಅಂಗಡಿಯ ಪುಟ್ಟ ಪೆಟ್ಟಿಗೆ ಬಂದ ಹಣವನ್ನು ಕನ್ನಡದಲ್ಲೇ ಕೂಗುತ್ತದೆ. ಹೂ ಕಟ್ಟುತ್ತಾ ಕೈ ಬಿಡುವಿಲ್ಲದವಳಿಗೆ ಅದು ದೊಡ್ಡ ಅನುಕೂಲ. ಗುಂಡಿ ಫೋನಿನಿಂದಲೂ ಹಣ ಕಳಿಸಲು 2022ರ ಮಾರ್ಚಿನಿಂದ ಯುಪಿಐ 123ಪೇ ಇದೆ. ಅದಕ್ಕೆ ಇಂಟರ್ನೆಟ್ ಬೇಡ.

ಗುಟ್ಟಿನ ಅಂಕಿ, ಅಂದರೆ ಪಿನ್, ಹಣ ಕೊಡುವಾಗ ಬೇಕು. ಪಡೆಯುವಾಗ ಬೇಡವೇ ಬೇಡ. ‘ನಿಮಗೆ ದುಡ್ಡು ಬರುತ್ತೆ, ಪಿನ್ ಒತ್ತಿ’ ಅಂದವನು ಕಳ್ಳ. ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ನಮ್ಮದೇ ಸಿಮ್ ಇದ್ದರೆ ಪಾಸ್‌ಬುಕ್, ಆಧಾರ್ ಹಿಡಿದು ಬ್ಯಾಂಕಿಗೆ ಹೋಗೋಣ. ಖಾತೆಗೆ ಯಾರ ನಂಬರ್ ಇದೆ ಅಂತ ಕೇಳೋಣ. ಬದಲಿಸಬೇಕಾದರೆ ಒಂದು ಅರ್ಜಿ ಇರುತ್ತದೆ. ಅದರ ಕೆಳಗೆ ಈಗ ಹೆಬ್ಬೆಟ್ಟು ಬೇಡ, ಸಹಿ ಹಾಕಬಹುದು.