ಪಾಂಡವಪುರದಲ್ಲಿ ಇಳಿದು, ಶ್ರೀರಂಗಪಟ್ಟಣದಲ್ಲಿ ಹತ್ತಿ

ಇಂಗ್ಲೆಂಡಿನಲ್ಲಿ ಒಂದು ರೂಢಿ ಇದೆ. ರಜಾದಿನ ಯಾವುದೋ ಹಳ್ಳಿ ಸ್ಟೇಷನ್ನಿನಲ್ಲಿ ಇಳಿಯೋದು, ಹೊಲಗಳ ನಡುವೆ ನಡೆಯೋದು, ದಾರಿಯ ಪಬ್ಬಿನಲ್ಲಿ ಊಟ ಮಾಡಿ ಮುಂದಿನ ಸ್ಟೇಷನ್ನಿನಲ್ಲಿ ರೈಲು ಹತ್ತೋದು. ನಮ್ಮ ಮೈಸೂರಲ್ಲಿ ಯಾಕಾಗಬಾರದು ಅಂತ ಹಾಸ್ಟೆಲ್ ರೂಮಿನಲ್ಲಿ ಮ್ಯಾಪ್ ತೆಗೆದು ಕೂತೆವು. ಪಬ್ಬಿನ ಜಾಗದಲ್ಲಿ ಟೀ ಅಂಗಡಿ, ಆಲೆಮನೆ.

ಬೆಂಗಳೂರು ಮಾರ್ಗದಲ್ಲಿ ಮೈಸೂರು ಬಿಟ್ಟರೆ ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ. ಮೊದಲ ಸಲ ನಾವು ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ನಡೆದು ಕೆಟ್ಟೆವು. ಹೆಸರು ನಂಬಿ ನೇರ ಊರೊಳಗೇ ಹೋಗ್ಬಿಟ್ವಿ. ಸ್ಟೇಷನ್ ಇರೋದು ಊರಿಂದ ದೂರ. ಅಲ್ಲಿಗೆ ಓಡಿಬರೋ ಹೊತ್ತಿಗೆ ಪ್ಯಾಸೆಂಜರ್ ಹೋಗಿತ್ತು. ಆಮೇಲೆ ಬಂದ ಎಕ್ಸ್‌ಪ್ರೆಸ್ ನಮ್ಮ ಮುಖಕ್ಕೆ ಧೂಳು ಹೊಡೆದು ನಿಲ್ಲದೇ ಹೋಯ್ತು.

ಹಾಗಾಗಿ ಈಗ ಪ್ಲ್ಯಾನ್ ಶುರುವಾಗೋದು ವಾಪಸ್ ಬರೋ ರೈಲಿನಿಂದ. ಸಂಜೆ ಯಾವ ರೈಲು ಅಂತ ಮೊದಲು ಗೊತ್ತುಮಾಡ್ಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ತೀವಿ. ನಿಲ್ಲೋದು, ತಿನ್ನೋದು, ಫೋಟೋ ಎಲ್ಲಾ ಸೇರಿ ಗಂಟೆಗೆ 3 ಕಿಲೋಮೀಟರ್‌ಗಿಂತ ಜಾಸ್ತಿ ಹಿಡಿಯಬೇಡಿ. ನಡಿಗೆ ಮುಗಿಯೋ ಜಾಗದಲ್ಲಿ ಬಸ್ಸೂ ಸಿಗಬೇಕು. ಅದಕ್ಕೇ ದಿಕ್ಕು ಬದಲಾಯಿಸಿದೆವು: ಬೆಳಗ್ಗೆ ಪಾಂಡವಪುರಕ್ಕೆ ರೈಲು, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ನಡಿಗೆ. ರೈಲು ತಪ್ಪಿದರೂ ಮೈಸೂರು ಬಸ್ಸು ಸಿಗುತ್ತೆ. ಇನ್ನೊಂದು ವಿಷಯ, ಜನರಲ್ ಟಿಕೆಟ್ ತಗೊಂಡು 3 ಗಂಟೆಯೊಳಗೆ ಹೊರಡಬೇಕು. ವಾಪಸ್ ಟಿಕೆಟ್ಟನ್ನ ಬೆಳಗ್ಗೆನೇ ತಗೊಳ್ಳೋ ಜಾಣತನ ಬೇಡ.

ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸೈನಿಕರ ನೆನಪು. ಅಲ್ಲಿಂದ ಕಿರಂಗೂರಿನ ಕಡೆ ಕಬ್ಬು, ಭತ್ತದ ಗದ್ದೆ. ಆಲೆಮನೆ ನಡೀತಿದ್ರೆ ಕೇಳಿಕೊಂಡು ಒಳಗೆ ಹೋಗಿ. ಕೊಪ್ಪರಿಗೆಯಲ್ಲಿ ಹಾಲು ಕುದಿಯೋದು ನೋಡಿ, ಬಿಸಿ ಬೆಲ್ಲ ಬಾಯಿಗೆ ಹಾಕ್ಕೊಂಡ್ರೆ ಮುಂದಿನ ಒಂದು ಗಂಟೆ ಯಾರೂ ಕಾಲುನೋವು ಅನ್ನಲ್ಲ. ಬಾರ್ ಬೋರ್ಡುಗಳೂ ಕಾಣುತ್ತವೆ. ಆದರೆ ನಾಲೆ ಏರಿ ಮೇಲೆ ನಡೆಯೋರಿಗೆ ಅದು ಬೇಡ, ತಡೆಗೋಡೆ ಎಲ್ಲಾ ಕಡೆ ಇರಲ್ಲ.

ಹಳಿ ಮೇಲೆ ನಡೆದರೆ ಹತ್ತಿರ ಅಂತ ನಮ್ಮಲ್ಲೇ ಒಬ್ಬ ಹಟ ಹಿಡಿದಿದ್ದ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, 6 ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕಿಂತ ದೊಡ್ಡ ಮಾತು, ಇದು ಜೋಡಿ ಮಾರ್ಗ. ಒಂದು ರೈಲಿನ ಸದ್ದಿನಲ್ಲಿ ಇನ್ನೊಂದು ಬರೋದು ಕೇಳಲ್ಲ. 2017ರ ಅಕ್ಟೋಬರ್‌ನಲ್ಲಿ ಇದೇ ಮಾರ್ಗದಲ್ಲಿ, ಬಿಡದಿ ಹತ್ತಿರ, ನಮ್ಮ ವಯಸ್ಸಿನ ಮೂವರು ವಿದ್ಯಾರ್ಥಿಗಳು ರೈಲಿಗೆ ಸಿಕ್ಕಿ ಸತ್ತರು. ಅದನ್ನ ಹೇಳಿದ ಮೇಲೆ ಅವನು ಸುಮ್ಮನೆ ರಸ್ತೆಗೆ ಬಂದ.

ಕಿರಂಗೂರು ದಾಟಿದರೆ ಕಾವೇರಿ, ಅದರ ಮೇಲೆ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದ್ದು, 1804. ಕಮಾನೇ ಇಲ್ಲ, ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ. ಸಿವಿಲ್‌ನವರನ್ನ ಅಲ್ಲಿಂದ ಎಬ್ಬಿಸೋದೇ ಕಷ್ಟ, ಅರ್ಧ ಗಂಟೆ ಎತ್ತಿಡಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟಾಗ ಸೇತುವೆ ಮುಚ್ಚುತ್ತಾರೆ, ಪೇಪರ್ ನೋಡಿ ಹೊರಡಿ.

ಆಮೇಲೆ ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, ಟೀ. ಸ್ಟೇಷನ್ ಹತ್ತಿರವೇ ಟಿಪ್ಪು ಕಾಲದ ಮದ್ದಿನ ಮನೆ ಇದೆ. ಜೋಡಿ ಮಾರ್ಗಕ್ಕೆ ಅಡ್ಡ ಬಂತು ಅಂತ 2017ರಲ್ಲಿ, ಸುಮಾರು 1000 ಟನ್ ತೂಕದ ಇಡೀ ಕಟ್ಟಡವನ್ನ ಜ್ಯಾಕ್ ಕೊಟ್ಟು ಎತ್ತಿ, ಸುಮಾರು 130 ಮೀಟರ್ ಆಚೆ ಸರಿಸಿ ಕೂರಿಸಿದರು. ರೈಲು ಲೇಟಾದರೆ ನೋಡಿ ಬನ್ನಿ. ಹಳಿ ದಾಟಿ ಅಲ್ಲ, ಸುತ್ತಿಕೊಂಡು.