ಹಾರರ್ ಸಿನಿಮಾದ ಭಯ ಕಣ್ಣಿಗೋ, ಕಿವಿಗೋ?

ಹಾರರ್ ಸಿನಿಮಾದಲ್ಲಿ ನಮ್ಮನ್ನು ಹೆದರಿಸುವುದು ದೃಶ್ಯ ಮಾತ್ರವೇ? ಅಲ್ಲ. 1960ರ ‘ಸೈಕೋ’ ಚಿತ್ರದ ಬಚ್ಚಲುಮನೆಯ ಕೊಲೆಗೆ ಸಂಗೀತವೇ ಬೇಡ ಎಂದಿದ್ದರು ನಿರ್ದೇಶಕ ಹಿಚ್‌ಕಾಕ್. ಬರ್ನಾರ್ಡ್ ಹರ್ಮನ್ ಆದರೂ ಸಂಗೀತ ಬರೆದರು. ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿದರು. ಅಲ್ಲಿರುವುದು ಬರೀ ತಂತಿವಾದ್ಯಗಳು: ಪಿಟೀಲುಗಳು ಕಿರುಚುತ್ತವೆ.

ಮೈ ಜುಮ್ಮೆನ್ನುವುದು ಯಾಕೆ? ಪ್ರಾಣಭಯದಲ್ಲಿ ಕೂಗುವ ಪ್ರಾಣಿಯ ದನಿ ಒಡೆದು ಕರ್ಕಶವಾಗುತ್ತದೆ. ಅಂಥ ಸದ್ದಿಗೆ ನಾವು ತಕ್ಷಣ ಎಚ್ಚರಗೊಳ್ಳುತ್ತೇವೆ. ಸಿನಿಮಾ ಸಂಗೀತವೂ ಈ ಗುಣವನ್ನೇ ಬಳಸುತ್ತದೆ ಎನ್ನುತ್ತದೆ 2010ರ ಒಂದು ಅಧ್ಯಯನ.

ಸಿನಿಮಾದಲ್ಲಿ ಇದು ಕಲೆ, ಸವಿಯೋಣ. ಆದರೆ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವಿಡಿಯೊಗೂ ಇಂಥದ್ದೇ ಸಂಗೀತ ಅಂಟಿಸಬಹುದು. ಇಂಥ ವದಂತಿ ನಂಬಿ 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಅಮಾಯಕನೊಬ್ಬನನ್ನು ಗುಂಪು ಕೊಂದಿತು. ಫಾರ್ವರ್ಡ್ ಮಾಡುವ ಮುನ್ನ ಮ್ಯೂಟ್ ಮಾಡಿ ನೋಡೋಣ. ಆಗಲೂ ಅವರು ಹೇಳಿದ್ದು ಕಾಣುತ್ತದೆಯೇ?